ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ವೆಬ್‌ಸೈಟ್ ನಡೆಸಬಹುದೇ, ಅದೂ ನಮ್ಮಂಥ ಮಳೆಯೂರಿನಲ್ಲಿ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ಹತ್ತಿರದ ನಿಮ್ಮ ಮನೆಯಲ್ಲಿ 2009–10ರ ಕಾಲದ ಡೆಸ್ಕ್‌ಟಾಪೊಂದು ಮೂಲೆಯಲ್ಲಿ ಬಿದ್ದಿದೆ. ಗುಜರಿಗೆ ಹಾಕುವ ಬದಲು ಅದರಲ್ಲೇ ಸ್ವಂತದ್ದೊಂದು ವೆಬ್‌ಸೈಟ್ ನಡೆಸಬಹುದೇ? ಕಂಪ್ಯೂಟರ್ ಓದದವರಿಂದ ಇದು ಆಗುವ ಕೆಲಸವೇ? ನಮ್ಮ ಕಡೆಯ ಕರೆಂಟು, ಇಂಟರ್ನೆಟ್ ನಂಬಿಕೊಂಡು ಇದಕ್ಕೆ ಕೈ ಹಾಕಬಹುದೇ?

ಆಗುತ್ತದೆ. ನಾನೂ ಕಂಪ್ಯೂಟರ್ ಓದಿದವನಲ್ಲ. ಬಿ.ಕಾಂ. ಮಾಡಿ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವವನು. ಸಂಜೆ ಮನೆಗೆ ಬಂದ ಮೇಲೆ ಸ್ಕ್ರೂಡ್ರೈವರ್ ಹಿಡಿಯುವುದು ಚಟ. ‘ಇಂಥ ಊರಲ್ಲಿ ಆಗುತ್ತಾ’ ಅಂತ ಬರೆದಿದ್ದೀರಲ್ಲ, ನಿಮ್ಮ ಜಿಲ್ಲಾ ಕೇಂದ್ರ ಹಾಸನದ ಸಾಲಗಾಮೆ ರಸ್ತೆಯಲ್ಲೇ ಇಸ್ರೋದ ಎಂಸಿಎಫ್ (ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ) 1982ರಿಂದ ಇದೆ. ಅಲ್ಲಿ ಕೂತೇ 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. ಊರಿನ ಮೇಲೆ ತಪ್ಪು ಹಾಕುವ ಹಾಗಿಲ್ಲ. ಆದರೆ ನಮ್ಮ ಕಡೆ ಕಷ್ಟ ಕೊಡುವುದು ಯಂತ್ರದ ವಯಸ್ಸಲ್ಲ, ಯಂತ್ರದ ಸುತ್ತಲಿನದು: ಕರೆಂಟು, ಸಿಡಿಲು, ಥಂಡಿ. ಬೆಂಗಳೂರಿನವರು ಮಾಡುವ ವಿಡಿಯೋಗಳಲ್ಲಿ ಈ ಭಾಗ ಇರುವುದೇ ಇಲ್ಲ. ಹಾಗಾಗಿ ಅದನ್ನೇ ಜಾಸ್ತಿ ಬರೆಯುತ್ತೇನೆ.

ಯಂತ್ರದ ವಿಚಾರ ಬೇಗ ಮುಗಿಸೋಣ. ಆ ಕಾಲದ್ದು ಅಂದರೆ ಬಹುತೇಕ ಕೋರ್ 2 ಡ್ಯುಯೊ ಪ್ರೊಸೆಸರ್ ಅಥವಾ ಅದರ ತಮ್ಮ, ಡಿಡಿಆರ್2 ಇಲ್ಲವೇ ಡಿಡಿಆರ್3 ರ‍್ಯಾಮು, ಒಳಗೆ ತಿರುಗುವ ಹಾರ್ಡ್‌ಡಿಸ್ಕು. ಹಾರ್ಡ್‌ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕು) ಹಾಕಿ, ಇರುವುದರಲ್ಲಿ ಚಿಕ್ಕದೇ ಸಾಕು. ರ‍್ಯಾಮ್ 4 ಜಿಬಿ ಮಾಡಿ. ವಿಂಡೋಸ್ ಆಸೆ ಬಿಡಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು, 11 ನಿಮ್ಮ ಯಂತ್ರವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಡೆಬಿಯನ್ ಹಾಕಿ, ಅದು ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್. 2025ರಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್ ಯಂತ್ರಗಳಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡುವ ದಾರಿ ಮುಚ್ಚಿದೆ, ಆದರೆ ಕೋರ್ 2 ಡ್ಯುಯೊ 64 ಬಿಟ್ಟಿನದೇ, ಚಿಂತೆಯಿಲ್ಲ. ಸ್ವಿಚ್ ಒತ್ತಿದಾಗ ಪರದೆ ಬರದೆ ಬರೀ ಬೀಪ್ ಬೀಪ್ ಅಂದರೆ ಹೆದರಿ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ. ರ‍್ಯಾಮ್ ಕಳಚಿ, ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ವಾಪಸ್ ಕೂರಿಸಿ. ನನ್ನ ಹತ್ತಿರ ‘ಸತ್ತುಹೋಗಿದೆ ಮಾರಾಯ’ ಅಂತ ಬಂದ ಯಂತ್ರಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಎದ್ದು ಕೂತಿವೆ.

ಈಗ ಕರೆಂಟು. ಇಂಥ ಡೆಸ್ಕ್‌ಟಾಪ್ ಸುಮ್ಮನೆ ಕೂತರೂ ಸುಮಾರು 60 ವ್ಯಾಟ್ ಕುಡಿಯುತ್ತದೆ. ದಿನವಿಡೀ ಓಡಿಸಿದರೆ ದಿನಕ್ಕೆ ಒಂದೂವರೆ ಯೂನಿಟ್‌ನ ಹತ್ತಿರ, ತಿಂಗಳಿಗೆ 43. ಕೇಳಲು ದೊಡ್ಡದಲ್ಲ. ಆದರೆ ನಿಮ್ಮ ಮನೆಗೆ ಗೃಹಜ್ಯೋತಿ ಇದ್ದರೆ ಲೆಕ್ಕ ಬೇರೆಯೇ ಆಗುತ್ತದೆ. ಅದರಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟೇ ಉಚಿತ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲಿಗೆ ದುಡ್ಡು. ಸೊನ್ನೆ ಬಿಲ್ಲಿಗೆ ಒಗ್ಗಿಕೊಂಡ ಮನೆಯಲ್ಲಿ ಒಂದು ತಿಂಗಳು ಸೊನ್ನೆ ತಪ್ಪಿದರೆ ವಿಚಾರಣೆ ನಡೆಯುವುದು ನೇರವಾಗಿ ಕಂಪ್ಯೂಟರ್ ಟೇಬಲ್ಲಿನ ಮುಂದೆ. “ರೀ, ಈ ಡಬ್ಬ ರಾತ್ರಿಯೆಲ್ಲ ಯಾಕೆ ಉರೀತಿರಬೇಕು?” ಎಂಬ ಪ್ರಶ್ನೆಗೆ ‘ವೆಬ್‌ಸೈಟಿಗೆ’ ಅನ್ನುವುದು ಉತ್ತರವಾಗುವುದಿಲ್ಲ.

ಹಾಗಾಗಿ ನನ್ನ ಸಲಹೆ ಇದು: ಡೆಸ್ಕ್‌ಟಾಪನ್ನು ಕಾರ್ಖಾನೆ ಮಾಡಿಕೊಳ್ಳಿ, ಅಂಗಡಿ ಮಾಡಬೇಡಿ. ಸಂಜೆ ಹೊತ್ತು ಹಾಕಿ, ಪುಟಗಳನ್ನು ತಯಾರಿಸಿ, ಆರಿಸಿ. ದಿನವಿಡೀ ಎಚ್ಚರವಿರಬೇಕಾದ ಕೆಲಸವಿದ್ದರೆ ರಾಸ್ಪ್‌ಬೆರಿ ಪೈ ಥರದ ಅಂಗೈಯಗಲದ ಕಂಪ್ಯೂಟರ್ ಬೋರ್ಡು ತಂದುಕೊಳ್ಳಿ. ನಾಲ್ಕು ವ್ಯಾಟ್‌ನ ಆಸುಪಾಸು, ತಿಂಗಳಿಗೆ ಮೂರು ಯೂನಿಟ್. ಅಥವಾ ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಯಾರ ಮನೆಯಲ್ಲಾದರೂ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಬ್ಯಾಟರಿಯೇ ಯುಪಿಎಸ್. ಸದಾ ಚಾರ್ಜರಿನಲ್ಲೇ ಇಟ್ಟರೆ ಬ್ಯಾಟರಿ ಊದಿಕೊಳ್ಳುತ್ತದೆ, ಟಚ್‌ಪ್ಯಾಡ್ ಮೇಲೇಳತೊಡಗಿದರೆ ತಕ್ಷಣ ಬ್ಯಾಟರಿ ಕಿತ್ತುಹಾಕಿ. ಕೆಲವು ಮಾಡೆಲ್ಲುಗಳಲ್ಲಿ ಶೇ. 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇರುತ್ತದೆ, ಹುಡುಕಿ ನೋಡಿ.

‘ಮನೆಯಲ್ಲಿ ಇನ್ವರ್ಟರ್ ಇದೆ, ಆದರೂ ಕರೆಂಟು ಹೋದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ’ ಅಂತ ನೀವೂ ಹೇಳಿದ್ದೀರಿ. ಇನ್ವರ್ಟರಿನ ಬೆನ್ನು ತಿರುಗಿಸಿ ನೋಡಿ. ಬಹಳಷ್ಟು ಕಂಪನಿಗಳ ಇನ್ವರ್ಟರುಗಳಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗೆ ಕರೆಂಟು ಹಂಚುವ ಡಬ್ಬ) ಕರೆಂಟಿಲ್ಲದೆ ತಡೆದುಕೊಳ್ಳುವುದು ಸೆಕೆಂಡಿನ ಸಾವಿರದಲ್ಲಿ ಹದಿನೇಳು ಭಾಗದಷ್ಟು ಹೊತ್ತು, ಅದೂ ಹೊಸದಿದ್ದಾಗ. ನಾರ್ಮಲ್ ಮೋಡಿನಲ್ಲಿ ಇನ್ವರ್ಟರ್ ಅದಕ್ಕಿಂತ ತಡವಾಗಿ ಏಳುತ್ತದೆ. ಫ್ಯಾನಿಗೂ ಬಲ್ಬಿಗೂ ಆ ತಡ ಗೊತ್ತಾಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆ ತಳ್ಳಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ವೋಲ್ಟೇಜ್ ಏರಿಳಿತ ಜಾಸ್ತಿ ಇರುವ ಕಡೆ ಆ ಮೋಡಿನಲ್ಲಿ ಇನ್ವರ್ಟರ್ ಪದೇ ಪದೇ ಬ್ಯಾಟರಿಗೆ ಹಾರುತ್ತದೆ, ಅದೊಂದು ಕಿರಿಕಿರಿ. ತಡೆದುಕೊಳ್ಳಬೇಕು.

ಥಂಡಿ ಬಗ್ಗೆ ನನ್ನದೊಂದು ಅಭಿಪ್ರಾಯ ಇದೆ, ರಿಪೇರಿ ಅಂಗಡಿಯವರು ಒಪ್ಪುವುದಿಲ್ಲ. ಮಳೆಗಾಲದಲ್ಲಿ ‘ಮಳೆ ಮುಗೀಲಿ’ ಅಂತ ಕಂಪ್ಯೂಟರ್ ಆರಿಸಿ ಬಟ್ಟೆ ಮುಚ್ಚಿಡುವುದೇ ಅದನ್ನು ಕೊಲ್ಲುವ ದಾರಿ. ಓಡುವ ಯಂತ್ರ ತನ್ನ ಶಾಖಕ್ಕೆ ತಾನೇ ಒಣಗಿಕೊಂಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರಿಸಿಟ್ಟಿದ್ದರಲ್ಲಿ ಬೂಷ್ಟು ಹಿಡಿಯುತ್ತದೆ, ಹಲ್ಲಿ ಮೊಟ್ಟೆ ಇಡುತ್ತದೆ, ಇರುವೆ ಎಸ್‌ಎಂಪಿಎಸ್ ಒಳಗೆ ಸಂಸಾರ ಹೂಡುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಓಡಿಸಿ. ಹೊರಗೋಡೆಗೆ ಅಂಟಿಸಿ ಇಡಬೇಡಿ, ನೆಲದ ಮೇಲಂತೂ ಬೇಡವೇ ಬೇಡ.

ಸಿಡಿಲಿನ ಭಯ ಇರುವುದು ಜೋರು ಮಳೆಗಾಲಕ್ಕಿಂತ ಏಪ್ರಿಲ್–ಮೇ ತಿಂಗಳಲ್ಲಿ. ಹಿಂದೆ ಟೆಲಿಫೋನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿದ್ದಾಗ ಪ್ರತಿ ಬೇಸಿಗೆಗೂ ಒಂದು ಮೋಡೆಮ್ ಬಲಿ ಕೊಡಬೇಕಿತ್ತು. ಈಗ ಬರುವ ಫೈಬರ್ ಗಾಜು, ಅದರಲ್ಲಿ ಸಿಡಿಲು ಹರಿಯುವುದಿಲ್ಲ. ಆದರೆ ಫೈಬರ್ ಬಂದು ಸೇರುವ ಬಿಳಿ ಡಬ್ಬಕ್ಕೆ ಕರೆಂಟು ಕೊಡುವ ಅಡಾಪ್ಟರು, ಡಬ್ಬದಿಂದ ಕಂಪ್ಯೂಟರಿಗೆ ಎಳೆದ ಲ್ಯಾನ್ ಕೇಬಲ್ಲು, ಎರಡೂ ತಾಮ್ರವೇ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಎರಡನ್ನೂ ಕೀಳುವುದು ನಮ್ಮ ಮನೆಯ ಕಾನೂನು. ಸರ್ಜ್ ಪ್ರೊಟೆಕ್ಟರ್ ಇದೆ ಅಂತ ಧೈರ್ಯ ಮಾಡಬೇಡಿ, ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಅದು ಬರೀ ದುಬಾರಿ ಪ್ಲಗ್ ಪಾಯಿಂಟು.

ಇಷ್ಟು ಆದ ಮೇಲೆ ಬರುವ ಪ್ರಶ್ನೆ, ನೀವು ಕೇಳಿಲ್ಲ, ಆದರೆ ನನಗೆ ಅದೇ ಮುಖ್ಯ: ವೆಬ್‌ಸೈಟಿನಲ್ಲಿ ಏನು ಹಾಕುತ್ತೀರಿ? ‘ನನ್ನ ವೆಬ್‌ಸೈಟಿಗೆ ಸ್ವಾಗತ’ ಅಂತ ಒಂದು ಪುಟ ಮಾಡಿ, ಕೆಳಗೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಅಂತ ಬರೆದು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಬೇರೆಲ್ಲೂ ಸಿಗದ ಏನಾದರೂ ಒಂದು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ನನಗೆ ಸಿಕ್ಕಿದ್ದು ದೊಡ್ಡಪ್ಪನ ಮಳೆ ಪುಸ್ತಕ.

ದೊಡ್ಡಪ್ಪನ ತೋಟ ಚಿಕ್ಕಮಗಳೂರು ಹತ್ತಿರದ ಆಲ್ದೂರಿನ ಕಡೆ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಮಳೆಮಾಪಕದ ನೀರನ್ನು ಅಳತೆಯ ಗ್ಲಾಸಿಗೆ ಸುರಿದು ನೋಡಿ ಬರೆದಿಡುವ ಅಭ್ಯಾಸ, ಅವರ ಅಪ್ಪನ ಕಾಲದಿಂದ ಬಂದದ್ದು. ತೋಟದವರು ಮಳೆಯನ್ನು ಇಂದಿಗೂ ಹೇಳುವುದು ಇಂಚು ಮತ್ತು ಸೆಂಟಿನಲ್ಲಿ, ನಿಮಗೆ ಗೊತ್ತೇ ಇರುತ್ತದೆ. ಇಂಚಿಗೆ ನೂರು ಸೆಂಟು, ಒಂದು ಸೆಂಟು ಅಂದರೆ 0.254 ಮಿ.ಮೀ. ಆ ಪುಸ್ತಕದಲ್ಲಿ ‘೧-೫’ ಅಂತ ಇದ್ದರೆ ಅದು ಒಂದೂವರೆ ಇಂಚಲ್ಲ, ಒಂದು ಇಂಚು ಐದು ಸೆಂಟು, ಅಂದರೆ 1.05. ಆದರೆ ಕೆಲವು ವರ್ಷ ಬರೆಯುವ ಕೈ ಬದಲಾಗಿದೆ, ಆ ಕೈ ‘1.5’ ಅಂತ ಬರೆದು ಒಂದೂವರೆ ಅನ್ನುವ ಅರ್ಥದಲ್ಲೇ ಬಳಸಿದೆ. ಯಾವುದು ಯಾವುದು ಅಂತ ತಿಳಿಯುವುದು ಹೇಗೆ? ಪುಣ್ಯಕ್ಕೆ ಪ್ರತಿ ತಿಂಗಳ ಕೊನೆಗೆ ಮೊತ್ತ ಹಾಕಿ ಗೆರೆ ಎಳೆದಿದ್ದಾರೆ. ಎರಡೂ ರೀತಿ ಕೂಡಿ ನೋಡುವುದು, ಯಾವುದು ಮೊತ್ತಕ್ಕೆ ತಾಳೆಯಾಗುತ್ತದೋ ಅದು ಸರಿ. ಆಫೀಸಿನಲ್ಲಿ ಸಂಬಳಕ್ಕೆ ಮಾಡುವ ಕೆಲಸವನ್ನೇ ಮನೆಯಲ್ಲಿ ಖುಷಿಗೆ ಮಾಡಿದಂತಾಯಿತು. ಕಂಪ್ಯೂಟರ್ ಓದದವರಿಂದ ಆಗುತ್ತದೆಯೇ ಅಂದಿರಲ್ಲ, ಇದರಲ್ಲಿ ಮುಕ್ಕಾಲು ಪಾಲು ಕಂಪ್ಯೂಟರ್ ಅಲ್ಲವೇ ಅಲ್ಲ.

ಈ ಕೆಲಸಕ್ಕೆ ನಾನು ಬಳಸಿದ್ದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಅದರದೊಂದು ಗುಣ ನನಗೆ ಬಹಳ ಹಿಡಿಸಿತು. ಕನ್ನಡದ ಅಂಕಿಗಳನ್ನು ಅದು ಹಾಗೆಯೇ ಓದಿಕೊಳ್ಳುತ್ತದೆ. ‘೧೨’ ಕೊಟ್ಟು ಇದನ್ನು ಸಂಖ್ಯೆ ಮಾಡು ಅಂದರೆ 12 ಅನ್ನುತ್ತದೆ, ಯಾವ ಪರಿವರ್ತನೆಯೂ ಬೇಡ. ಪುಸ್ತಕದಲ್ಲಿ ಇದ್ದ ಹಾಗೆಯೇ ಟೈಪ್ ಮಾಡಿಕೊಂಡು ಹೋದೆ. ಲಿನಕ್ಸಿನಲ್ಲಿ ಕನ್ನಡ ಕೀಲಿಮಣೆಗೆ ಏನನ್ನೂ ಹೊಸದಾಗಿ ಇಳಿಸಿಕೊಳ್ಳಬೇಕಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಹಾದಿಯಲ್ಲೇ ಬಂದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಸೆಟ್ಟಿಂಗಿನಲ್ಲೇ ಇದೆ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರಿಗೆ ಬೆರಳು ತಡವರಿಸುವುದಿಲ್ಲ.

ತಡವರಿಸಿದ್ದು ಹಳೆಯ ಫೈಲುಗಳಲ್ಲಿ. ನಡುವಿನ ಕೆಲವು ವರ್ಷದ ಮಳೆಯನ್ನು ದೊಡ್ಡಪ್ಪನ ಮಗಳು ಆಗಲೇ ಕಂಪ್ಯೂಟರಿಗೆ ಹಾಕಿದ್ದಳು, ಹಳೆಯ ನುಡಿ ಫಾಂಟಿನಲ್ಲಿ. ತೆರೆದರೆ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ವಿಚಿತ್ರ ಚುಕ್ಕೆ ಬಾಲಗಳು. ಆ ಕಾಲದ ಫಾಂಟುಗಳು ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತವನ್ನೇ ಇಟ್ಟುಕೊಂಡು ಮೇಲೆ ಕನ್ನಡದ ಚಿತ್ರ ತೋರಿಸುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಬಣ್ಣ ಬಯಲು. ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯೂನಿಕೋಡಿಗೆ ಬದಲಾಯಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ, ಚೆನ್ನಾಗಿಯೂ ಇವೆ. ಆದರೆ ಅರ್ಕಾವತ್ತಿನ ಮೇಲೆ ಒಂದು ಕಣ್ಣಿಡಿ. ಹಳೆಯ ಫಾಂಟಿನಲ್ಲಿ ಅದನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಇಡುತ್ತಿದ್ದರು, ಯೂನಿಕೋಡಿನಲ್ಲಿ ಉಚ್ಚಾರದ ಪ್ರಕಾರ ಮೊದಲು ಬರಬೇಕು. ನನ್ನ ಪಟ್ಟಿಯಲ್ಲಿ ಹನ್ನೊಂದು ತಿಂಗಳು ಸರಿಯಾಗಿ ಬಂದು ಮಾರ್ಚ್ ಒಂದೇ ಕೆಟ್ಟು ಕೂತಿತ್ತು. ಕಾಫಿಯವರಿಗೆ ಮಾರ್ಚ್ ಕಳೆದುಹೋದರೆ ಹೇಗೆ? ಹೂ ಮಳೆ ಬರುವುದೇ ಮಾರ್ಚ್–ಏಪ್ರಿಲ್‌ನಲ್ಲಿ. ಆ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಗಿಡ ಹೂವಾಗುತ್ತದೆ. ಸೈಟಿಗೆ ಬರುವ ನಾಲ್ಕು ಜನರೂ ನೋಡುವುದು ಅದನ್ನೇ, ಯಾವ ವರ್ಷ ಹೂ ಮಳೆ ಯಾವಾಗ ಆಯಿತು, ಹೂವಾದ ಮೇಲೆ ಬೇಕಾಗುವ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಸಿಕ್ಕಿತು ಅಂತ.

ಹಳೆಯದು ಸೇರಿದ ಮೇಲೆ ಹೊಸದು ತಾನಾಗಿಯೇ ಬಂದು ಬೀಳಲಿ ಅನ್ನಿಸಿತು. ಇಲ್ಲಿಂದಲೇ ಶುರುವಾಗಿದ್ದು ಮಜಾ. ತಕ್ಕಡಿಯಂತೆ ಆಚೀಚೆ ಮಗುಚುವ ಪುಟ್ಟ ಬಕೆಟ್ಟಿನ ಮಳೆಮಾಪಕ ತಂದು ದೊಡ್ಡಪ್ಪನ ಕಣದಲ್ಲಿ ನಿಲ್ಲಿಸಿದೆ, ಜಗಲಿಯಲ್ಲಿ ಒಂದು ರಾಸ್ಪ್‌ಬೆರಿ ಪೈ. ಹವ್ಯಾಸಿಗಳಿಗೆ ಸಾಮಾನ್ಯವಾಗಿ ಸಿಗುವ ಮಾಪಕದಲ್ಲಿ ಒಂದು ಮಗುಚಿಗೆ 0.2794 ಮಿ.ಮೀ., ಅಂದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ 1.1 ಸೆಂಟು. ಮಗುಚಿದಾಗ ಒಂದು ಅಯಸ್ಕಾಂತ ಒಳಗಿನ ಸ್ವಿಚ್ಚಿನ ಎದುರು ಹಾದುಹೋಗುತ್ತದೆ, ಪೈ ಅದನ್ನು ಎಣಿಸುತ್ತದೆ. ಹೇಳುವುದಕ್ಕೆ ಅಷ್ಟೇ. ಆ ಸ್ವಿಚ್ಚು ಮುಚ್ಚುವಾಗ ಒಮ್ಮೆ ಅದುರುತ್ತದೆ, ಒಂದು ಮಗುಚು ಎರಡಾಗುತ್ತದೆ. ಒಂದು ಎಣಿಕೆ ಆದ ಮೇಲೆ ಒಂದು ಕ್ಷಣ ಕಿವಿ ಮುಚ್ಚಿಕೋ ಅಂತ ಪ್ರೋಗ್ರಾಮಿನಲ್ಲಿ ಬರೆಯಬೇಕು. ಕಣದಿಂದ ಜಗಲಿಗೆ ಎಳೆದ ಉದ್ದ ತಂತಿ ಗುಡುಗಿದಾಗಲೆಲ್ಲ ತಾನೇ ಪುಟ್ಟ ಕರೆಂಟು ಹುಟ್ಟಿಸಿ, ಒಂದು ಹನಿ ಬೀಳದಿದ್ದರೂ ಹತ್ತು ಸೆಂಟು ತೋರಿಸುತ್ತಿತ್ತು. ಶೀಲ್ಡ್ ಇರುವ ಕೇಬಲ್ಲು ಮತ್ತು ಒಂದು ಸಣ್ಣ ಕೆಪಾಸಿಟರು ಹಾಕಿದ ಮೇಲೆ ಆ ಒಣ ಮಳೆ ನಿಂತಿತು. ಆಮೇಲೆ ಕಣಜ ಬಂದು ಮಾಪಕದ ಬಾಯಿಗೆ ಮಣ್ಣಿನ ಗೂಡು ಕಟ್ಟಿತು. ಇದಕ್ಕೆ ಯಾವ ಪ್ರೋಗ್ರಾಮೂ ಇಲ್ಲ, ಕಡ್ಡಿ ಹಾಕಿ ಕೀಳಬೇಕು.

ಎಲ್ಲಕ್ಕಿಂತ ತಲೆ ತಿಂದದ್ದು ಗಡಿಯಾರ. ರಾಸ್ಪ್‌ಬೆರಿ ಪೈ 4ರವರೆಗಿನ ಬೋರ್ಡುಗಳಲ್ಲಿ ಗಡಿಯಾರವೇ ಇಲ್ಲ, ಅವು ಇಂಟರ್ನೆಟ್ ಕೇಳಿ ಟೈಮ್ ತಿಳಿದುಕೊಳ್ಳುತ್ತವೆ. ಪೈ 5ರಲ್ಲಿ ಇದೆ, ಆದರೆ ಅದರ ಬ್ಯಾಟರಿ ಬೇರೆ ಕೊಳ್ಳಬೇಕು. ಬೆಂಗಳೂರಿನಲ್ಲಿ ಕೂತವರಿಗೆ ಇದೊಂದು ವಿಷಯವೇ ಅಲ್ಲ. ನಮ್ಮಲ್ಲಿ ಮಳೆ ಜೋರಾದ ರಾತ್ರಿಯೇ ಮರ ಬಿದ್ದು ಕರೆಂಟೂ ಹೋಗುತ್ತದೆ, ಫೈಬರೂ ತುಂಡಾಗುತ್ತದೆ. ಕರೆಂಟು ಮೊದಲು ಬರುತ್ತದೆ, ಫೈಬರು ಎರಡು ದಿನ ಬಿಟ್ಟು. ಆ ಎರಡು ದಿನ ಪೈ ಎದ್ದು ಕೂತು, ತಾನು ಮಲಗಿದ ಹೊತ್ತೇ ಈಗಲೂ ಅಂದುಕೊಂಡು ಮಳೆ ಬರೆಯುತ್ತಾ ಹೋಗುತ್ತದೆ. ವರ್ಷದ ಅತಿ ದೊಡ್ಡ ಮಳೆಯೇ ತಪ್ಪು ತಾರೀಖಿಗೆ ಜಮಾ! ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಮಾಡ್ಯೂಲ್ ಸಿಗುತ್ತದೆ, ಗುಂಡಿ ಬ್ಯಾಟರಿ ಹಾಕಿ ಪೈಗೆ ಚುಚ್ಚಿದರೆ ಮುಗಿಯಿತು. ನಿಮ್ಮ ಡೆಸ್ಕ್‌ಟಾಪಿನಲ್ಲೂ ಇದೇ ರೋಗ ಇರಬಹುದು. ಇಷ್ಟು ವರ್ಷಕ್ಕೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತದೆ, ತಾರೀಖು ಹಳೆಯ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತದೆ, ಆಗ ಬ್ರೌಸರ್ ಯಾವ ಸೈಟಿಗೆ ಹೋದರೂ ‘ಸುರಕ್ಷಿತವಲ್ಲ’ ಅನ್ನುತ್ತದೆ. ವೈರಸ್ ಅಂತ ಗಾಬರಿಯಾಗುವ ಮುಂಚೆ ಸೆಲ್ ಬದಲಿಸಿ.

ದೊಡ್ಡಪ್ಪ ಈಗಲೂ ಗ್ಲಾಸಿನಲ್ಲಿ ಅಳೆಯುವುದನ್ನು ಬಿಟ್ಟಿಲ್ಲ. “ಏನೋ, ನಿನ್ನ ಡಬ್ಬ ಎಷ್ಟು ಅನ್ನುತ್ತೆ?” ಅಂತ ಫೋನಿನಲ್ಲಿ ಕೇಳುತ್ತಾರೆ, ಹೇಳಿದ ಮೇಲೆ ತಮ್ಮದನ್ನು ಹೇಳುತ್ತಾರೆ. ಮೊದಮೊದಲು ಎರಡೂ ಸೇರುತ್ತಲೇ ಇರಲಿಲ್ಲ, ಯಾಕೆಂದರೆ ನನ್ನ ಡಬ್ಬಕ್ಕೆ ದಿನ ಮುಗಿಯುವುದು ಮಧ್ಯರಾತ್ರಿ, ಅವರಿಗೆ ಬೆಳಿಗ್ಗೆ. ಹವಾಮಾನ ಇಲಾಖೆಯ ಮಳೆಯ ದಿನವೂ ಬೆಳಿಗ್ಗೆ 8.30ಕ್ಕೇ ಮುಗಿಯುವುದು, ಆದ್ದರಿಂದ ನಾನೂ ಅಲ್ಲಿಗೇ ಬಂದೆ. ಆರಿದ್ರಾ, ಪುಷ್ಯ ಮಳೆ ಹೊಡೆಯುವಾಗ ಮಾತ್ರ ಡಬ್ಬ ಇವತ್ತಿಗೂ ಕಡಿಮೆಯೇ ತೋರಿಸುತ್ತದೆ. ಬಕೆಟ್ ಮಗುಚುವ ಆ ಗಳಿಗೆಯಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ಮಳೆ ಜೋರಾದಷ್ಟೂ ನಷ್ಟ ಹೆಚ್ಚು. ಹಾಗಾಗಿ ಸೈಟಿನಲ್ಲಿ ದಿನದ ಲೆಕ್ಕಕ್ಕೆ ಗ್ಲಾಸಿನದೇ ಅಂತಿಮ, ಎಷ್ಟು ಹೊತ್ತಿಗೆ ಎಷ್ಟು ಹೊಡೆಯಿತು ಅನ್ನುವುದಕ್ಕೆ ಡಬ್ಬ.

ಕೊನೆಗೆ ಇಂಟರ್ನೆಟ್ಟು. ಮನೆಯ ಕಂಪ್ಯೂಟರಿನಿಂದಲೇ ಲೋಕಕ್ಕೆ ಪುಟ ತೋರಿಸಬೇಕು ಅನ್ನುವುದು ನಿಮ್ಮ ಆಸೆ. ಮೊದಲು ರೂಟರಿನ ಪುಟ ತೆರೆದು ಹೊರಗಿನ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ಆ ವಿಳಾಸ ನಿಮ್ಮೊಬ್ಬರದಲ್ಲ, ನಿಮ್ಮಂಥ ಎಷ್ಟೋ ಮನೆಗಳನ್ನು ಕಂಪನಿಯವರು ಒಂದೇ ಹೊರ ವಿಳಾಸದ ಹಿಂದೆ ಕೂರಿಸಿದ್ದಾರೆ. ಹೊರಗಿನಿಂದ ಬಂದವರಿಗೆ ನಿಮ್ಮ ಬಾಗಿಲು ಸಿಗುವುದಿಲ್ಲ. ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಇದ್ದರೆ ಅದರ ಮೂಲಕ, ಇಲ್ಲವೇ ಹೊರಗಿನ ಸರ್ವರೊಂದಕ್ಕೆ ಟನಲ್ (ಒಳದಾರಿ) ಹಾಕಿ ದಾಟಬಹುದು. ದಾಟಿದ ದಿನ ರಾತ್ರಿ ಲಾಗ್ ಫೈಲ್ (ಯಾರ‍್ಯಾರು ಬಂದರೆಂಬ ದಾಖಲೆ) ತೆರೆದು ನೋಡಿ, ಭೂಮಿಯ ಯಾವ್ಯಾವುದೋ ಮೂಲೆಯಿಂದ ‘ಅಡ್ಮಿನ್’, ‘ರೂಟ್’ ಅಂತ ಹೆಸರು ಹೇಳಿಕೊಂಡು ಬಾಗಿಲು ಬಡಿಯುತ್ತಲೇ ಇರುತ್ತಾರೆ. ಒಮ್ಮೆ ನೋಡಬೇಕಾದ ತಮಾಷೆ. ಆಮೇಲೆ ಮುಚ್ಚಿಬಿಡಿ. ನಾನು ಪುಟಗಳನ್ನು ಮನೆಯ ಡೆಸ್ಕ್‌ಟಾಪಿನಲ್ಲಿ ತಯಾರಿಸಿ ಗಿಟ್‌ಹಬ್ ಪೇಜಸ್‌ಗೆ ತಳ್ಳುತ್ತೇನೆ, ಅದು ನಮ್ಮ ಪುಟಗಳನ್ನು ತನ್ನ ಕಂಪ್ಯೂಟರುಗಳಿಂದ ಲೋಕಕ್ಕೆ ತೋರಿಸುವ ಸೇವೆ, ಉಚಿತ. ಇದು ಮನೆಯಿಂದ ನಡೆಸಿದಂತಲ್ಲ ಅಂತ ನೀವು ಆಕ್ಷೇಪಿಸಬಹುದು. ಇರಲಿ. ನಮ್ಮ ಬೀದಿಯಲ್ಲಿ ಎರಡು ದಿನ ಕರೆಂಟಿಲ್ಲದಾಗಲೂ ಬೇರೆ ಊರಿನಲ್ಲಿರುವ ತೋಟದ ಯಜಮಾನರು ಆಲ್ದೂರಿನ ಮಳೆ ನೋಡಲು ಆಗುತ್ತದಲ್ಲ, ನನಗೆ ಅಷ್ಟು ಸಾಕು.

ನೀವು ಈ ವಾರ ಮಾಡಬೇಕಾದ್ದು: ಕ್ಯಾಬಿನೆಟ್ ಬಿಚ್ಚಿ ಧೂಳು ಹೊಡೆಯಿರಿ, ಸೆಲ್ ಬದಲಿಸಿ, ಹಾರ್ಡ್‌ಡಿಸ್ಕಿನಲ್ಲಿ ಹಳೆಯ ಫೋಟೋ ಏನಾದರೂ ಇದ್ದರೆ ಎಲ್ಲಕ್ಕಿಂತ ಮೊದಲು ಅವನ್ನು ಇಳಿಸಿಕೊಳ್ಳಿ. ಮದರ್‌ಬೋರ್ಡಿನ ಮೇಲೆ ಬರೆದಿರುವ ಮಾಡೆಲ್ ನಂಬರನ್ನು ಕೆಳಗೆ ಕಾಮೆಂಟಿನಲ್ಲಿ ಹಾಕಿ. ಡಿಡಿಆರ್2 ಆಗಿದ್ದರೆ ಹೊಸದಕ್ಕೆ ದುಡ್ಡು ಕೊಡಬೇಡಿ, ನನ್ನ ಡಬ್ಬಿಯಲ್ಲಿ ಬೇಕಾದಷ್ಟಿವೆ, ಬಸ್ಸಿನ ಪಾರ್ಸೆಲ್ಲಿಗೆ ಹಾಕಿ ಕಳಿಸುತ್ತೇನೆ.